ಏಕಾದಶಿಯಂದು ತುಂಬಿಯೇ ಇದ್ದ ಬಾಟಲಿ

ನಾನು ಒಂದು ನೀರಿನ ಬಾಟಲಿ. ಮನುಷ್ಯರು ಎತ್ತಿ ಕುಡಿಯುವ ಜಾತಿಯದಲ್ಲ; ಪಂಜರದ ಸರಳಿಗೆ ತಲೆಕೆಳಗಾಗಿ ತೂಗಿಕೊಂಡು ಸಣ್ಣ ಪ್ರಾಣಿಗಳ ನಾಲಿಗೆಗೆ ಹನಿಹನಿಯಾಗಿ ಇಳಿಯುವ ಜಾತಿ. ಯಾವುದೋ ಕಾರ್ಖಾನೆಯ ಬಿಸಿ ಅಚ್ಚಿನಿಂದ ಹೊರಬಿದ್ದಾಗ ನನಗಿದ್ದದ್ದು ಬರೀ ಮೈ. ಆಮೇಲೆ ಮುಚ್ಚಳ ಬಂತು. ಮುಚ್ಚಳಕ್ಕೊಂದು ಬಾಗಿದ ಉಕ್ಕಿನ ಕೊಳವೆ, ಕೊಳವೆಯ ತುದಿಗೆ ಮೆಣಸಿನ ಕಾಳಿನಷ್ಟು ಗುಂಡು. ನಾಲಿಗೆ ತಾಗಿದರೆ ಗುಂಡು ಸರಿಯುತ್ತದೆ, ಹನಿ ಇಳಿಯುತ್ತದೆ. ನಾಲಿಗೆ ಹಿಂದೆ ಸರಿದರೆ ಗುಂಡು ಬಾಗಿಲು ಹಾಕಿಕೊಳ್ಳುತ್ತದೆ. ನನ್ನ ವಿದ್ಯೆಯೆಲ್ಲ ಇಷ್ಟೇ.

ಮೈಸೂರಿನಲ್ಲಿ ಮುನೀರ್ ಸಾಹೇಬರ ಸಾಕುಪ್ರಾಣಿ ಅಂಗಡಿಯಲ್ಲಿ ಕೆಲವು ತಿಂಗಳು ಇದ್ದೆ. ಒಂದು ದಿನ ಹೈಸ್ಕೂಲ್ ಮೇಡಂ ವೃಂದಾ ಬಂದು ಕಂದುಬಣ್ಣದ ಒಂದು ಹೆಣ್ಣು ಗಿನಿಪಿಗ್ ಕೊಂಡರು. ಅದರ ಜೊತೆಗೆ ನಾನೂ ಹೊರಟೆ. ಹೊರಡುವಾಗ ಸಾಹೇಬರು ನನ್ನನ್ನು ಬೋರಲಾಗಿ ಹಿಡಿದು ಹೇಳಿದರು:

"ಮೇಡಂ, ಬಾಟ್ಲಿ ತುಂಬಿದೆ ಅಂತ ಸುಮ್ನಾಗ್ಬೇಡಿ. ದಿನಾ ಈ ಗುಂಡನ್ನ ಬೆರಳಲ್ಲಿ ಒತ್ತಿ ನೋಡಿ. ಹನಿ ಬಂದ್ರೆ ನೀರು ಇದೆ ಅಂತ. ಇಲ್ದಿದ್ರೆ ಇದ್ರೂ ಇಲ್ಲ."

ವೃಂದಾ ಅವರ ಮನೆಯಲ್ಲಿದ್ದದ್ದು ಇಬ್ಬರೇ, ಅವರು ಮತ್ತು ಅವರ ಅತ್ತೆ ಸುಭದ್ರಮ್ಮ. ಸುಭದ್ರಮ್ಮ ಬಹಳ ಮಡಿ. ಬೆಳಗಿನ ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಗಂಟು ಹಾಕಿ, ನಡುಮನೆಯಲ್ಲಿ ಕುಳಿತು ಷಟ್ಪದಿಗಳನ್ನು ರಾಗವಾಗಿ ಹೇಳುತ್ತಿದ್ದರು. ಪಂಜರವೂ ನಡುಮನೆಯಲ್ಲೇ ಇತ್ತು. ಆ ದನಿಯ ಕೆಳಗೆ ತೂಗಿಕೊಂಡಿರುವುದು ನನಗೆ ಸುಖವಾಗಿತ್ತು. ಪದ್ಯ ಏರಿದರೆ ನನ್ನೊಳಗಿನ ನೀರೂ ಒಂದಿಷ್ಟು ನಡುಗುತ್ತಿತ್ತು.

ಗಿನಿಪಿಗ್‌ಗೆ ಬೆಲ್ಲ ಎಂದು ಹೆಸರಿಟ್ಟರು. ಅದು ಬಸುರಿ ಎಂದು ಯಾರಿಗೂ ತಿಳಿದಿರಲಿಲ್ಲ. ಮೂರೇ ವಾರಕ್ಕೆ ಮೂರು ಮರಿ ಹಾಕಿತು. ಮೈತುಂಬ ಕೂದಲು, ತೆರೆದ ಕಣ್ಣು. ಹುಟ್ಟಿದ ಗಳಿಗೆಯಲ್ಲೇ ಓಡಾಟ. ಸುಭದ್ರಮ್ಮ ಕೈಮುಗಿದುಬಿಟ್ಟರು.

"ಹುಟ್ಟುತ್ಲೇ ಕಣ್ಣು ಬಿಟ್ಕೊಂಡು ಬಂದಿವೆಯಲ್ಲೇ ವೃಂದಾ! ಯಾರೋ ಜ್ಞಾನಿಗಳು ಕಣೇ ಇವು."

"ಜ್ಞಾನಿಗಳು ನಿಮ್ಮ ಜಮಖಾನದ ಮೇಲೆ ಉಚ್ಚೆ ಹೊಯ್ದಿದ್ದಾರೆ ಅತ್ತೆ, ನೋಡಿ," ಎಂದರು ವೃಂದಾ.

ಮರಿಗಳ ಹೆಸರು ಅಡುಗೆಮನೆಯಿಂದಲೇ ಬಂತು: ಸಾಸಿವೆ, ಜೀರಿಗೆ, ಮೆಂತ್ಯ. ಮೆಂತ್ಯ ಎಲ್ಲಕ್ಕಿಂತ ಚಿಕ್ಕದು. ಮರಿಗಳ ಬಾಯಿಗೆ ಎಟುಕಲೆಂದು ವೃಂದಾ ನನ್ನನ್ನು ಎರಡು ಸರಳು ಕೆಳಗಿಳಿಸಿದರು. ಸೌತೆಕಾಯಿ ಹೋಳು, ಕೊತ್ತಂಬರಿ ದಂಟು, ದೊಣ್ಣೆಮೆಣಸಿನಕಾಯಿಯ ಚೂರು ದಿನವೂ ತಪ್ಪದು. ಮೆಂತ್ಯ ಮೊದಲ ಸಲ ನನ್ನ ಗುಂಡನ್ನು ನೆಕ್ಕಿದಾಗ ಹನಿ ಮೂಗಿನ ಮೇಲೆ ಬಿದ್ದು, ಹೆದರಿ, ಅಮ್ಮನ ಹೊಟ್ಟೆಯ ಕೆಳಗೆ ನುಗ್ಗಿತು. ಮರುಗಳಿಗೆಯೇ ಹಿಂದಿರುಗಿ ಬಂತು. ನನ್ನ ಬಾಳಿನಲ್ಲಿ ಅಷ್ಟು ಸಂತೋಷ ಇನ್ನೊಂದಿಲ್ಲ.

ಮರಿಗಳಿಗೆ ಎರಡು ವಾರವಾಗಿತ್ತು. ಅವತ್ತು ದಶಮಿ. ವೃಂದಾ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಎರಡು ದಿನ ಹಾಸನಕ್ಕೆ ಹೋಗಬೇಕಿತ್ತು. ಬೆಳಿಗ್ಗೆ ನನ್ನನ್ನು ತೊಳೆದು, ತುಂಬಿಸಿ, ಮುಚ್ಚಳ ತರಲು ಅತ್ತ ತಿರುಗಿದರು. ಅಷ್ಟರಲ್ಲಿ ದೇವರಮನೆಯಿಂದ ಬಂದ ಸುಭದ್ರಮ್ಮ, ನನ್ನನ್ನು ಮುಟ್ಟದೆ, ಮೇಲಿಂದ ಒಂದು ತುಳಸಿ ದಳ ಬಿಟ್ಟರು.

"ಮೂಕಪ್ರಾಣಿಗಳಿಗೂ ತೀರ್ಥ ಸಿಗಲಿ," ಎಂದು ತಮ್ಮಷ್ಟಕ್ಕೇ ಅಂದುಕೊಂಡರು.

ವೃಂದಾ ನೋಡಲಿಲ್ಲ. ಮುಚ್ಚಳ ತಿರುಗಿಸಿ, ಗುಂಡು ಒತ್ತಿದರು. ಹನಿ ಬಂತು. "ಅತ್ತೆ, ದಿನಾ ಹೀಗೆ ಒತ್ತಿ ನೋಡಿ. ಸೌತೆಕಾಯಿ ಫ್ರಿಜ್ಜಲ್ಲಿದೆ," ಎಂದು ಹೊರಟರು.

"ಅದು ಎಂಜಲು ಕಣೇ, ನಾನು ಮಡಿಯಲ್ಲಿ ಹೇಗೆ ಮುಟ್ಲಿ? ನೀರು ಕಾಣುತ್ತಲ್ಲ, ಕಣ್ಣಲ್ಲೇ ನೋಡ್ಕೋತೀನಿ ಬಿಡು," ಎನ್ನುವಷ್ಟರಲ್ಲಿ ಆಟೋ ತಿರುವು ದಾಟಿತ್ತು.

ತುಳಸಿ ದಳ ನನ್ನೊಳಗೆ ನಿಧಾನವಾಗಿ ಮುಳುಗಿತು. ಮಧ್ಯಾಹ್ನದ ಹೊತ್ತಿಗೆ ಕೊಳವೆಯ ಬಾಯಿಗೆ ಬಂದು ಕುಳಿತಿತು. ಬೆಲ್ಲ ಬಂದು ನೆಕ್ಕಿತು. ಗುಂಡು ಸರಿಯಿತು. ಏನೂ ಬರಲಿಲ್ಲ.

ನಾನು ಏನು ಮಾಡಬಲ್ಲೆ? ಅಲುಗಾಡಲಾರೆ, ಕೂಗಲಾರೆ. ನನ್ನೊಳಗೆ ಕಂಠಮಟ್ಟ ನೀರು. ಬೆಲ್ಲ ನೆಕ್ಕಿ ನೆಕ್ಕಿ ಸೋತು ಕುಳಿತರೆ ಸಾಸಿವೆ ಬರುತ್ತಿತ್ತು, ಸಾಸಿವೆ ಹೋದರೆ ಜೀರಿಗೆ. ಮೆಂತ್ಯ ಕೊಳವೆಯನ್ನು ಹಲ್ಲಿನಿಂದ ಕಚ್ಚಿ ಎಳೆಯಿತು. ಆ ಎಳೆತ ನನ್ನ ಮೈಯೆಲ್ಲ ತಾಗಿತು.

ಮರುದಿನ ಏಕಾದಶಿ. ಒಲೆ ಹಚ್ಚಲಿಲ್ಲ, ತರಕಾರಿ ಹೆಚ್ಚಲಿಲ್ಲ. ಸುಭದ್ರಮ್ಮನದು ಹನಿ ನೀರೂ ಮುಟ್ಟದ ನಿರ್ಜಲ ಉಪವಾಸ. ಬೆಳಿಗ್ಗೆ ಪಂಜರದ ಮುಂದೆ ಬಂದು ನನ್ನನ್ನು ದಿಟ್ಟಿಸಿದರು. ನಿನ್ನೆ ಎಷ್ಟಿತ್ತೋ ಅಷ್ಟೇ ನೀರು. ಅವರ ಕಣ್ಣು ತುಂಬಿ ಬಂತು. ಬೇಲಿಯಾಚೆಯ ವನಜಾಕ್ಷಿಯವರನ್ನು ಕೂಗಿ ಕರೆದರು.

"ಬನ್ರೀ, ನೋಡ್ಬನ್ನಿ! ಒಂದು ತೊಟ್ಟೂ ಕುಡಿದಿಲ್ಲ ಇವು. ಹೇಳಿಕೊಟ್ಟೋರು ಯಾರು ಹೇಳಿ? ನಿರ್ಜಲ ಮಾಡ್ತಿವೆ ರೀ!"

"ಹಾಗಾದ್ರೆ ಮಠಕ್ಕೆ ಕರ್ಕೊಂಡು ಹೋಗಿ ಮುದ್ರೆನೂ ಹಾಕಿಸಿಬಿಡಿ ಸುಭದ್ರಮ್ಮ," ಎಂದು ವನಜಾಕ್ಷಿ ನಕ್ಕರು. "ಅಲ್ಲ, ಸೌತೆಕಾಯಿನಾದ್ರೂ ಕೊಟ್ರಾ?"

"ವ್ರತದಲ್ಲಿರೋ ಪ್ರಾಣಿಗೆ ತಿನ್ನಿಸಿ ನಾನ್ಯಾಕೆ ಪಾಪ ಕಟ್ಕೊಳ್ಲಿ? ನಾಳೆ ಪಾರಣೆ ಹೊತ್ತಿಗೆ ಎಲ್ಲ ಕೊಡ್ತೀನಿ."

ಅವರು ಪದ್ಯ ಹೇಳಲು ಕುಳಿತರು. ಆ ದನಿ ಕೇಳಿ ಮರಿಗಳು ಸರಳಿಗೆ ಒರಗಿ ನಿಂತು ಕುಂಯ್ ಕುಂಯ್ ಎಂದು ಒಂದೇ ಸಮನೆ ಕೂಗಿದವು. ಸುಭದ್ರಮ್ಮ ಕಣ್ಣುಮುಚ್ಚಿ ತಲೆದೂಗಿದರು. "ದನಿಗೂಡಿಸ್ತಿವೆ ನೋಡು," ಎಂದರು. ಅಂದು ಅವರು ಎಂದಿಗಿಂತ ಹೆಚ್ಚು ಹೊತ್ತು ಹೇಳಿದರು, ಎಂದಿಗಿಂತ ಚೆನ್ನಾಗಿ ಹೇಳಿದರು. ನಾನು ಮೊದಲ ಬಾರಿಗೆ, ಸಾಕು, ನಿಲ್ಲಿಸಿ, ಕೇಳಿಸಿಕೊಳ್ಳಿ ಎಂದು ಒಳಗೊಳಗೇ ಬೇಡಿದೆ.

ಬೆಲ್ಲನ ಹಾಲು ಬತ್ತಿತು. ಸಂಜೆಗೆ ಕೂಗು ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು.

ದ್ವಾದಶಿಯ ಬೆಳಿಗ್ಗೆ ವೃಂದಾ ಮೊದಲ ಬಸ್ಸಿಗೆ ಬಂದರು. ಸುಭದ್ರಮ್ಮ ಪಾರಣೆಗೆ ಅಣಿಮಾಡಿಕೊಂಡು, ಉದ್ಧರಣೆಯಲ್ಲಿ ತೀರ್ಥ ಹಿಡಿದು ನಿಂತಿದ್ದರು. ಸೊಸೆಯನ್ನು ಕಂಡು ಮುಖವರಳಿಸಿ, "ನಿನ್ನ ಮಕ್ಕಳು ಏಕಾದಶಿ ಮಾಡಿದ್ವು ಕಣೇ!" ಎಂದರು.

ವೃಂದಾ ಚೀಲ ಕೆಳಗಿಡಲೂ ಇಲ್ಲ. ಗುಂಡು ಒತ್ತಿದರು. ಮತ್ತೆ ಒತ್ತಿದರು. ಮೆಂತ್ಯನನ್ನು ಎತ್ತಿ ಬೆನ್ನಿನ ಚರ್ಮ ಹಿಡಿದು ಬಿಟ್ಟರೆ, ಚರ್ಮ ಮಡಿಕೆಯಾಗಿ ಹಾಗೇ ನಿಂತಿತು. ಕಣ್ಣು ಒಳಗೆ ಹೋಗಿತ್ತು.

"ಅತ್ತೆ, ನೀರು ಬರ್ತಿಲ್ಲ. ಕಟ್ಟಿಕೊಂಡಿದೆ."

ಸುಭದ್ರಮ್ಮ ನನ್ನೊಳಗೆ ನೋಡಿದರು. ಕೊಳವೆಯ ಬಾಯಲ್ಲಿ ಹಸಿರು ದಳ. ಕೈಯ ಉದ್ಧರಣೆ ಜಾರಿ ನೆಲಕ್ಕೆ ಬಿತ್ತು.

ಪಶುವೈದ್ಯರು ಫೋನಿನಲ್ಲಿ, "ಈಗ್ಲೇ ಹೊರಟು ಬರ್ತೀನಿ. ಅಲ್ಲೀವರೆಗೆ ಬಾಯಿ ಪಕ್ಕದಿಂದ ಹನಿಹನಿ ಹಾಕಿ. ಒಟ್ಟಿಗೆ ಸುರೀಬೇಡಿ, ನೆತ್ತಿಗೇರುತ್ತೆ," ಎಂದರು. ವೃಂದಾ ಔಷಧಿಯ ಡ್ರಾಪರ್‌ನಲ್ಲಿ ಸಾಸಿವೆ ಜೀರಿಗೆಗಳಿಗೆ ನೀರು ಹಾಕತೊಡಗಿದರು. ಸುಭದ್ರಮ್ಮ ಮಡಿಸೀರೆಯಲ್ಲೇ ನೆಲಕ್ಕೆ ಕುಳಿತು ಮೆಂತ್ಯನನ್ನು ಮಡಿಲಿಗೆ ತೆಗೆದುಕೊಂಡರು. ಸೆರಗಿನ ತುದಿ ಅದ್ದಿ, ಅದರ ತುಟಿಗೆ ಒತ್ತಿದರು.

"ನುಂಗೋ ಕಂದ. ಒಂದೇ ಒಂದು ಹನಿ. ನುಂಗೋ."

ಸಾಸಿವೆ ನುಂಗಿತು. ಸ್ವಲ್ಪ ಹೊತ್ತಿಗೆ ಜೀರಿಗೆಯೂ ನುಂಗಿತು. ಬೆಲ್ಲ ಬಟ್ಟಲಿಗೆ ಮೂತಿಯಿಟ್ಟು ತಾನೇ ಕುಡಿಯಿತು. ಮೆಂತ್ಯನ ಬಾಯಿಗೆ ಹಾಕಿದ್ದು ಬಾಯಿಂದಲೇ ಹೊರಗೆ ಹರಿಯಿತು. ಪಾರಣೆಯ ಹೊತ್ತು ಮೀರಿತು. ವೈದ್ಯರು ಬಂದು, ಮೆಂತ್ಯನನ್ನು ಮುಟ್ಟಿ ನೋಡಿ, ಜೀವ ಇಲ್ಲವೆಂದು ತಲೆಯಾಡಿಸಿದರು.

"ಅತ್ತೆ, ನೀವಾದ್ರೂ ಒಂದು ಗುಟುಕು ಕುಡೀರಿ. ಎರಡು ದಿನ ಆಯ್ತು," ಎಂದು ವೃಂದಾ ಲೋಟ ಹಿಡಿದರು.

"ನಾನು ಬೇಡ ಅಂತ ಬಿಟ್ಟೆ ಕಣೇ," ಎಂದರು ಸುಭದ್ರಮ್ಮ, ಮಡಿಲಿನಿಂದ ಕಣ್ಣೆತ್ತದೆ. "ಅವು ಬೇಕು ಬೇಕು ಅಂತ ಕೂಗಿದ್ವು. ನಾನು ಕೂತ್ಕೊಂಡು ಕೇಳಿದೆ."

ವೃಂದಾ ನನ್ನನ್ನು ಹಿತ್ತಲಿಗೆ ಒಯ್ದು ಮುಚ್ಚಳ ತಿರುಗಿಸಿದರು. ಎರಡು ದಿನ ಒಂದು ಹನಿಯೂ ಬಿಡದ ನಾನು ಒಂದೇ ಸಲಕ್ಕೆ ಭಳಭಳನೆ ಬರಿದಾದೆ. ಅಷ್ಟು ನೀರನ್ನು ಮಣ್ಣು ಕುಡಿಯಿತು.

ಇದಾಗಿ ಬಹಳ ಕಾಲವಾಯಿತು. ಈಗ ನಾನು ಹಿತ್ತಲಿನ ಗೂಡಿನಲ್ಲಿದ್ದೇನೆ. ಮೈ ಹಳದಿಯಾಗಿದೆ, ಮುಚ್ಚಳ ಎಲ್ಲಿ ಹೋಯಿತೋ ತಿಳಿಯದು. ಯಾರೂ ನನ್ನನ್ನು ಬೈಯಲಿಲ್ಲ, ಅದೇ ಕಷ್ಟ. ತಪ್ಪು ತುಳಸಿಯದಲ್ಲ, ಭಕ್ತಿಯದೂ ಅಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೂ ಆ ಎಳೆಯ ಹಲ್ಲಿನ ಎಳೆತ ಕೊರಳಿನಿಂದ ಹೋಗಿಲ್ಲ.

ದೇವರೇ, ಇನ್ನೊಂದು ಜನ್ಮ ಇದ್ದರೆ ನನಗೆ ಕೊಳವೆ ಬೇಡ, ಗುಂಡು ಬೇಡ. ಅಂಗಳದಲ್ಲಿ ಬಿದ್ದಿರುವ ಒಡೆದ ಹಂಚಿನ ಚೂರು ಮಾಡು. ಅದರಲ್ಲಿ ಎರಡೇ ಗುಟುಕು ನೀರು ನಿಂತರೂ ಸಾಕು. ಬಂದವರು ಬಾಯಿಟ್ಟರೆ ಸಿಗಬೇಕು.