ಸಂಚಿಯ ಒಳಖಾನೆ

ಒಂದು ತಿಂಗಳಿಂದ ಚಿಕ್ಕಹನುಮಕ್ಕನಿಗೆ ತಲೆ ಸುತ್ತುತ್ತಿತ್ತು. ವಯಸ್ಸು ಅರವತ್ತೆರಡು. ಎಚ್‌ಐವಿ ಮಾತ್ರೆ ನುಂಗಲು ಶುರುಮಾಡಿ ಹದಿನಾರು ವರ್ಷ. ತಲೆ ಸುತ್ತುವುದು ವಯಸ್ಸಿಗೋ, ಕಾಯಿಲೆಗೋ, ಮಾತ್ರೆಗೋ ಎಂಬುದು ಅವಳಿಗೆ ಬಗೆಹರಿಯದು. ಯಾರನ್ನು ಕೇಳುವುದು? ಊರಾದ ವಳ್ಳೂರಿನಲ್ಲಿ ಅವಳ ವಿಷಯ ಯಾರಿಗೂ ಗೊತ್ತಿಲ್ಲ. ಗೊತ್ತಾಗಬಾರದೆಂದೇ ಈ ಮಾತ್ರೆಗೆ ಹತ್ತಿರದ ಪಾವಗಡ ಬಿಟ್ಟು ಮಧುಗಿರಿಯ ಬಸ್ಸು ಹತ್ತುತ್ತಾಳೆ.

ಮಧುಗಿರಿ ಆಸ್ಪತ್ರೆಯ ಬೆಂಚಿನ ಮೇಲೆ ಅವಳ ಜೊತೆಗಾತಿ ಖಾಜಾಬಿ. ಶಿರಾದವಳು, ಅದೇ ಕಾಯಿಲೆ, ಅದೇ ಭಯ.

ಅಂದು ಪ್ರಶ್ನೆಗಳ ಹಾಳೆ ಹಿಡಿದು ವನಜಾಕ್ಷಿ ಎಂಬ ಹುಡುಗಿ ಬಂದಳು. ಎಚ್‌ಐವಿ ಇದ್ದು ವಯಸ್ಸಾದವರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡಲು ತರಬೇತಿ ಪಡೆಯುತ್ತಿದ್ದವಳು.

“ಬರ್ಕೊಂಡ್ ಹೋಗಿ ಮೈಕಲ್ಲಿ ಕೂಗ್ತೀಯಾ?” ಎಂದಳು ಖಾಜಾಬಿ.

“ಹೆಸರೇ ಬರಿಯಲ್ಲಮ್ಮ, ಬರೀ ನಂಬರ್ರು. ನೀವು ಬೇಡ ಅಂದ್ರೂ ನಿಮ್ ಮಾತ್ರೆ ನಿಲ್ಲಲ್ಲ.”

“ನಮ್ಮಿಂದ ನಿಂಗೇನ್ ಸಿಕ್ತದೆ?”

“ಈಗ ಮಾತ್ರೆ ತಗೊಂಡೋರು ವಯಸ್ಸಾಗೋವರ್ಗೂ ಚೆನ್ನಾಗಿರ್ತಾರೆ. ಆದ್ರೆ ಸಿಟಿಯವರಿಗೆ ಸಿಗೋ ಆರೈಕೆ ಹಳ್ಳಿ ಹೆಂಗಸರಿಗೆ ಯಾಕೆ ಸಿಗ್ತಿಲ್ಲ, ಅದನ್ನ ತಿಳ್ಕೊಬೇಕು.”

“ನೋಡಕ್ಕಾ, ನಾವು ಮುದುಕೀರಾಗಿದ್ದೇ ದೊಡ್ ಸುದ್ದಿಯಂತೆ,” ಖಾಜಾಬಿ ನಕ್ಕಳು.

ಚಿಕ್ಕಹನುಮಕ್ಕ ಒಪ್ಪಿದಳು. ವನಜಾಕ್ಷಿ ಹೆಸರಿನ ಜಾಗದಲ್ಲಿ ಏಳು ಎಂದು ಬರೆದು, ಓದಿದಳು: “ಎಚ್‌ಐವಿ ಮಾತ್ರೆ ದಿನಾ ತಗೊಳ್ತೀರಾ?”

“ಹೋದ ವಾರದಿಂದ ದಿನ ಬಿಟ್ಟು ದಿನ.”

ಪೆನ್ನು ನಿಂತಿತು. ಹಾಳೆಯಲ್ಲಿದ್ದದ್ದು ಹೌದು, ಇಲ್ಲ ಎರಡೇ. “ಯಾಕಮ್ಮಾ?”

ಚಿಕ್ಕಹನುಮಕ್ಕ ಸೊಂಟದ ಎಲೆಅಡಿಕೆ ಸಂಚಿ ಬಿಚ್ಚಿದಳು. ಒಳಖಾನೆಯಲ್ಲಿ ಎಚ್‌ಐವಿ ಮಾತ್ರೆ. ಹೊರಖಾನೆಯಲ್ಲಿ ಪಾವಗಡದ ಡಾಕ್ಟರು ಕೊಟ್ಟ ಬಿಪಿ ಮಾತ್ರೆ.

“ಎರಡೂ ನುಂಗಿದ್ರೆ ತಲೆ ತಿರುಗ್ತದೆ ಕಣಮ್ಮ. ಅದ್ಕೆ ಒಂದಿನ ಒಳಗಿಂದು, ಒಂದಿನ ಹೊರಗಿಂದು. ಸರದಿ ಹಾಕ್ಬುಟ್ಟಿವ್ನಿ. ಆದ್ರೂ ನಿಂತಿಲ್ಲ.”

“ಪಾವಗಡದ ಡಾಕ್ಟ್ರಿಗೆ ಒಳಗಿಂದು ಗೊತ್ತಾ?”

“ಅದೆಂಗೆ ಹೇಳಾದು?”

“ಇಲ್ಲಿಯವರಿಗೆ ಹೊರಗಿಂದು?”

“ಅವ್ರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ತಲೆ ಯಾಕೆ ಸುತ್ತತ್ತೆ, ನೀನಾದ್ರೂ ಹೇಳು ತಾಯಿ.”

“ನಂಗೂ ಗೊತ್ತಿಲ್ಲಮ್ಮ, ಕಲೀತಾ ಇದೀನಿ. ಆದ್ರೆ ಒಳಗಿನ ಮಾತ್ರೆ ಹಿಂಗೆ ಬಿಡ್ತಾ ಬಂದ್ರೆ ಕಾಯಿಲೆ ಮತ್ತೆ ತಲೆ ಎತ್ತತ್ತೆ. ಆಮೇಲೆ ಈ ಮಾತ್ರೆಗೂ ಬಗ್ಗದೆ ಹೋಗ್ಬಹುದು. ಸಂಚಿ ಪೂರ್ತಿ ಡಾಕ್ಟ್ರಿಗೆ ತೋರ್ಸೋಣ ಬನ್ನಿ.”

ಚಿಕ್ಕಹನುಮಕ್ಕ ಖಾಜಾಬಿಯ ಮುಖ ನೋಡಿದಳು.

“ನನ್ನ ಯಾಕ್ ನೋಡ್ತೀಯಾ? ನನ್ ಪರ್ಸಲ್ಲೂ ಯಾರಿಗೂ ಹೇಳ್ದಿರೋ ಶುಗರ್ ಮಾತ್ರೆ ಐತೆ. ನಡಿ ಅಕ್ಕಾ, ಇಬ್ರೂ ಬೈಸ್ಕೊಳೋಣ.”

ಡಾಕ್ಟರು ಬೈಯಲಿಲ್ಲ. ಖಾಜಾಬಿಯ ಶುಗರ್ ಮಾತ್ರೆಯನ್ನು ಚೀಟಿಯಲ್ಲಿ ಬರೆದುಕೊಂಡರು. ಚಿಕ್ಕಹನುಮಕ್ಕನನ್ನು ಕೂರಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು; ನಿಂತಾಗ ಇಳಿಯುತ್ತಿತ್ತು. ಬಿಪಿ ಮಾತ್ರೆಯ ಪ್ರಮಾಣ ಇಳಿಸಿದರು, ರಕ್ತಪರೀಕ್ಷೆ ಬರೆದರು. ಎರಡನ್ನೂ ದಿನಾ ನುಂಗಬೇಕು, ಎಚ್‌ಐವಿ ಮಾತ್ರೆಯಂತೂ ಒಂದು ದಿನವೂ ತಪ್ಪಬಾರದು ಎಂದರು. “ಹದಿನೈದು ದಿನ ನೋಡೋಣ. ನಿಲ್ಲದಿದ್ರೆ ಬೇರೆ ಕಾರಣ ಹುಡುಕೋಣ.”

ಚಿಕ್ಕಹನುಮಕ್ಕನ ಗೊಂದಲ ಪೂರ್ತಿ ತೀರಲಿಲ್ಲ. ಯಾರನ್ನು ಕೇಳಬೇಕೆಂಬ ಚಿಂತೆ ಮಾತ್ರ ತೀರಿತು.

ಹೊರಗೆ ವನಜಾಕ್ಷಿ ಹಾಳೆಯ ಅಂಚಿನಲ್ಲಿ ಹೊಸ ಪ್ರಶ್ನೆ ಬರೆಯುತ್ತಿದ್ದಳು: ಬೇರೆ ಕಡೆಯಿಂದ ಯಾವ ಮಾತ್ರೆ ತರುತ್ತೀರಿ? ಅದರ ಕೆಳಗೆ: ಕಲಿಸಿದವರು, ನಂಬರ್ ಏಳು.

“ಅದು ನಾನಾ?” ಎಂದಳು ಚಿಕ್ಕಹನುಮಕ್ಕ, ಏಳರ ಅಂಕಿ ನೋಡಿ. “ನೀವೇ ಅಮ್ಮ,” ಎಂದಳು ವನಜಾಕ್ಷಿ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಇಂಥದೊಂದು ಸಂಚಿ ಇದ್ದೀತು. ನಿಮ್ಮಷ್ಟಕ್ಕೆ ನೀವೇ ಯಾವ ಮಾತ್ರೆಯನ್ನೂ ಬಿಡಬೇಡಿ. ಸಂಚಿಯನ್ನು ಪೂರ್ತಿ ಬಿಚ್ಚಿ ಡಾಕ್ಟರಿಗೆ ತೋರಿಸಿ. ಕಲಿಯಲು ಬಂದವರು ಪ್ರಶ್ನೆ ಕೇಳಿದರೆ, ಹೆಸರು ಬರೆಯುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ನಿಮಗೆ ಒಪ್ಪಿಗೆಯಿದ್ದರೆ ಇದ್ದದ್ದನ್ನು ಇದ್ದಂತೆ ಹೇಳಿ. ನಿಮಗೆ ಗೊತ್ತಿರುವುದು ಅವರ ಹಾಳೆಯಲ್ಲಿ ಇನ್ನೂ ಇಲ್ಲ.