ಸ್ವಿಚ್ಚಿನ ಮೇಲಿನ ಹೆಸರು

ಆ ಪಾರ್ಸೆಲ್ ಗೋದಾಮಿನಲ್ಲಿ ಒಂದು ಪದ್ಧತಿಯಿತ್ತು. ಕಂಪ್ಯೂಟರುಗಳನ್ನು ಒಂದಕ್ಕೊಂದು ಬೆಸೆಯುವ ನೆಟ್‌ವರ್ಕ್ ಸ್ವಿಚ್ಚನ್ನು ಸಿದ್ಧಮಾಡಿದವರು ಅದರ ಮೇಲೆ ತಮ್ಮ ಹೆಸರಿನ ಚೀಟಿ ಅಂಟಿಸಬೇಕು. ಕೆಟ್ಟರೆ ಯಾರನ್ನು ಕರೆಯಬೇಕೆಂದು ಗೊತ್ತಾಗಲಿ ಅಂತ. ಎಲ್ಲರ ಬಾಯಲ್ಲಿ ಸ್ವಿಚ್ಚಕ್ಕ ಆಗಿದ್ದ ತಂತ್ರಜ್ಞೆ ಕೆಳ ಅಂತಸ್ತಿನ ಸ್ವಿಚ್ಚುಗಳನ್ನೆಲ್ಲ ಒಬ್ಬಳೇ ಕೂತು ಸಿದ್ಧಮಾಡಿದ್ದಳು. ಮಾಲೀಕರು ನೋಡಲು ಬರುವ ಮುನ್ನ ವಿಭಾಗದ ಮುಖ್ಯಸ್ಥ ಅವಳ ಚೀಟಿಗಳನ್ನು ಕಿತ್ತು ತನ್ನವನ್ನು ಅಂಟಿಸಿದ. ಹೊಗಳಿಕೆ ಅವನಿಗೆ, ಅವಳಿಗೆ ಬರಬೇಕಿದ್ದ ಬಡ್ತಿ ಅವನ ಷಡ್ಡಕನಿಗೆ. ಕೇಳಿದ್ದಕ್ಕೆ, ನಾವೆಲ್ಲ ಒಂದೇ ಮನೆಯವರಲ್ಲವೇ ಎಂದು ಹಲ್ಲು ಕಿರಿದ. ಅಂಥ ಮನೆಗಿಷ್ಟು ಬೆಂಕಿ ಹಾಕ.

ಮೇಲಂತಸ್ತಿನ ಕೆಲಸವೂ ಅವಳ ತಲೆಗೇ ಬಂತು. ಅಲ್ಲಿ ಕೆಲಸಗಾರರ ಕೈಯ ಸ್ಕ್ಯಾನರುಗಳು ಆನ್ ಆದ ಕೂಡಲೇ ಸ್ವಿಚ್ಚು ತಾನಾಗಿ ಒಂದೊಂದಕ್ಕೂ ಐಪಿ ವಿಳಾಸ ಹಂಚಬೇಕು. ಯಾವ ಪಾರ್ಸೆಲ್ ಯಾವ ಊರಿಗೆಂದು ಹೇಳುವ ದೊಡ್ಡ ಕಂಪ್ಯೂಟರಿಗೆ ಮಾತ್ರ ಖಾಯಂ ವಿಳಾಸ; ಅದನ್ನು ಬೇರೆ ಯಾರಿಗೂ ಕೊಡಬೇಡವೆಂದು ಸ್ವಿಚ್ಚಿಗೆ ಒಂದು ಸಾಲಿನಲ್ಲಿ ಹೇಳಿಡಬೇಕು. ಹೊಸಬರು ಮರೆಯುವ ಸಾಲು ಅದು. ಅವಳು ಮರೆಯಲಿಲ್ಲ, ಬೇಕಂತಲೇ ಬಿಟ್ಟಳು. ತನ್ನ ಚೀಟಿಯನ್ನೂ ಸುಲಭವಾಗಿ ಕಿತ್ತುಬರುವ ಹಾಗೆ ಅಂಟಿಸಿದಳು. ಸಂಜೆಯೊಳಗೆ ಅಲ್ಲಿ ಮುಖ್ಯಸ್ಥನ ಹೆಸರಿತ್ತು. ನೋಡಿ ಅವಳ ಹೊಟ್ಟೆ ತಣ್ಣಗಾಯಿತು.

ಮೇಲಂತಸ್ತಿನ ಉದ್ಘಾಟನೆಯ ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿದರು. ದೊಡ್ಡ ಕಂಪ್ಯೂಟರು ಕಣ್ಣು ಬಿಡುವಷ್ಟರಲ್ಲಿ ಸ್ವಿಚ್ಚು ಅದರ ವಿಳಾಸವನ್ನೇ ಯಾವುದೋ ಸ್ಕ್ಯಾನರಿಗೆ ಕೊಟ್ಟಿತ್ತು. ಎರಡು ಮನೆಗೆ ಒಂದೇ ಬಾಗಿಲ ನಂಬರು ಆದಂತಾಯಿತು. ಪಾರ್ಸೆಲ್ಲುಗಳು ದಿಕ್ಕು ತಪ್ಪಿ ರಾಶಿ ಬಿದ್ದವು, ಕೊನೆಗೆ ಅವನ್ನು ಸಾಗಿಸುವ ಬೆಲ್ಟೇ ನಿಂತಿತು.

ಮಾಲೀಕರು ಚೀಟಿ ಓದಿದರು. ಮುಖ್ಯಸ್ಥನಿಗೆ ಬಾಯಲ್ಲಿ ಬಿಸಿತುಪ್ಪ. ಇದು ತನ್ನದಲ್ಲ ಎಂದರೆ ಕೆಳಗಿನದೂ ತನ್ನದಲ್ಲವೆಂದು ಒಪ್ಪಿದ ಹಾಗೆ. ಇಂಗು ತಿಂದ ಮಂಗನಂತೆ ನಿಂತವನನ್ನು ಅಲ್ಲೇ ಕೆಲಸದಿಂದ ತೆಗೆದರು. ಮಾಡಿದ್ದುಣ್ಣೋ ಮಹರಾಯ ಎಂದು ಅವಳು ಒಳಗೊಳಗೇ ಹಿಗ್ಗಿದಳು.

ಸರಿಮಾಡಲು ಅವಳನ್ನು ಕೂರಿಸಿದರು. ಸ್ವಲ್ಪ ಹೊತ್ತು ಹುಡುಕುವ ನಾಟಕ ಆಡಬೇಕಿತ್ತು. ಆದರೆ ಗೆದ್ದ ಅಮಲಿನಲ್ಲಿ ನೆಟ್ಟಗೆ ಆ ಸಾಲು ಬರೆದು, ಸ್ಕ್ಯಾನರಿನಿಂದ ವಿಳಾಸ ಕಿತ್ತುಕೊಂಡಳು. ಬೆಲ್ಟು ಓಡಿತು.

"ಏನಾಗಿದೆ ಅಂತ ನೋಡಲೇ ಇಲ್ವಲ್ಲಮ್ಮ ನೀನು," ಎಂದರು ಮಾಲೀಕರು. "ಹೇಗೆ ಗೊತ್ತಾಯ್ತು?"

ಊಹೆ ಮಾಡಿದೆ ಎಂದಿದ್ದರೆ ಸಾಕಿತ್ತು, ಮುಖ್ಯಸ್ಥನ ಕುರ್ಚಿ ಅವಳದಾಗುತ್ತಿತ್ತು. ಆದರೆ ಇಷ್ಟು ಅಚ್ಚುಕಟ್ಟಾಗಿ ತಾನು ಹೂಡಿದ ಸಂಚು ಕೂಡ ಆ ಕಳ್ಳನ ಹೆಸರಿಗೇ ಉಳಿಯುವುದೇ? ಅವಳ ಮೈಯೆಲ್ಲ ಉರಿಯಿತು.

"ಅವರಿಗೆ ತಪ್ಪು ಮಾಡೋಕಾದರೂ ಇಷ್ಟು ಕೆಲಸ ಎಲ್ಲಿ ಬರುತ್ತೆ ಸರ್," ಎಂದಳು. "ಕೆಳಗಿನದೆಲ್ಲ ಮಾಡಿದ್ದು ನಾನು. ಇದನ್ನ ಕೆಡಿಸಿದ್ದೂ ನಾನೇ."

ಅವಳನ್ನೂ ತೆಗೆದರು. ಬಸ್ ಸ್ಟಾಪಿನಲ್ಲಿ ಅವಳು ಕೂತಿದ್ದ ಬೆಂಚಿನ ಹತ್ತಿರ ಮುಖ್ಯಸ್ಥ ಬಂದು ನಿಂತ. ಅವಳು ಜರುಗಿ ಜಾಗ ಕೊಡಲಿಲ್ಲ.