ಎಪ್ಪತ್ತೆರಡರವರೆಗಿನ ಲೆಕ್ಕ

ತೀರಿಕೊಂಡ ಅಣ್ಣನಿಗೆ ತೊಡಿಸಿದ ಶರ್ಟಿನ ಮೂರನೇ ಗುಂಡಿ ಹಾಕುವಷ್ಟರಲ್ಲಿ ಮೆಟ್ಟಿಲ ಮೇಲೆ ದಬದಬ ಹೆಜ್ಜೆ ಸದ್ದಾಯಿತು. ತಂಗಿ ತಲೆಯೆತ್ತಿದಳು. ನೀಲಿ ಕೋಟು ತೊಟ್ಟ ಏಳೆಂಟು ಜನ ಬಾಗಿಲಲ್ಲಿ ಒಬ್ಬರ ಹಿಂದೊಬ್ಬರು ನಿಂತಿದ್ದರು. ಒಳಗೆ ಕಾಲಿಡಲು ಯಾರಿಗೂ ಧೈರ್ಯ ಸಾಲದು.

“ಯಾರಪ್ಪಾ ನೀವೆಲ್ಲ?”

“ಲಾಂಡ್ರಿಯವರು,” ಎಂದ ಮುಂದಿದ್ದ ಮೇಸ್ತ್ರಿ. “ಬೆಳಿಗ್ಗೆ ನಮ್ಮ ಜೊತೆಯ ಯಜಮಾನ್ರು ಕೆಲಸಕ್ಕೆ ಬರ್ಲಿಲ್ಲ. ಏಳು ವರ್ಷದಲ್ಲಿ ಒಂದಿನಾನೂ ತಪ್ಪಿಸಿದವರಲ್ಲ. ವಿಚಾರಿಸಿದ್ವಿ, ಗೊತ್ತಾಯ್ತು.”

“ಮನೆ ತಪ್ಪಿ ಬಂದಿದ್ದೀರಿ. ನಮ್ಮಣ್ಣ ಕೆಲಸ ಬಿಟ್ಟು ಮೂವತ್ತನಾಲ್ಕು ವರ್ಷ ಆಯ್ತು.”

ಮೇಸ್ತ್ರಿ ಮಂಚದ ಮೇಲಿದ್ದ ಮುಖವನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. “ಇವರೇ, ಅಮ್ಮ,” ಎಂದ ಮೆಲ್ಲಗೆ.

ಮೂಲೆಯಲ್ಲಿ ಕೂತಿದ್ದ ಕೆಳಗಿನ ಅಂಗಡಿಯ ದರ್ಜಿ ಕೆಮ್ಮಿದ. ಅಣ್ಣನಿಗೆ ಆ ಬೀದಿಯಲ್ಲಿ ‘ಮಹಾರಾಜ’ ಎಂದು ಹೆಸರಿಟ್ಟವನೇ ಅವನು. ದುಡಿಯದೆ ಉಣ್ಣುವವನನ್ನು ಇನ್ನೇನೆಂದು ಕರೆಯುವುದು ಎಂದು ಅವನ ವಾದ. ಕೆಮ್ಮಿದ ರೀತಿಯಲ್ಲೇ ತಂಗಿಗೆ ಎಲ್ಲ ತಿಳಿದುಹೋಯಿತು.

“ನಿನಗೂ ಗೊತ್ತಿತ್ತಾ?”

“ಯಾರಿಗೂ ಹೇಳ್ಬೇಡ ಅಂದಿದ್ದ. ನಿಮಗಂತೂ ಸತ್ತರೂ ಹೇಳ್ಬೇಡ ಅಂದಿದ್ದ. ನಾನೇನು ಮಾಡ್ಲಿ ತಾಯಿ?”

ಏಳು ವರ್ಷ. ಅಣ್ಣನಿಗೆ ಎಪ್ಪತ್ತೊಂಬತ್ತು. ಅವಳು ಮನಸ್ಸಿನಲ್ಲೇ ಕಳೆದು ನೋಡಿದಳು. ಎಪ್ಪತ್ತೆರಡು.

*

ಅಣ್ಣ ನೀರಿನ ಮೀಟರ್ ಓದುವವನಾಗಿದ್ದ. ಪರರ ಮನೆಯ ಹಿತ್ತಲಲ್ಲಿ ಬಗ್ಗಿ, ಗಾಜು ಒರೆಸಿ, ಅಂಕಿ ಬರೆದುಕೊಳ್ಳುವುದು ಕೆಲಸ. ಬೈಸಿಕೊಳ್ಳುವುದೂ ಕೆಲಸದ ಭಾಗವೇ. ಮೇಲಧಿಕಾರಿ ಬೈಯುತ್ತಿದ್ದ, ಮನೆಯವರು ಬೈಯುತ್ತಿದ್ದರು, ನಾಯಿ ಬೊಗಳುತ್ತಿತ್ತು. ಅವನು ಮದುವೆಯಾಗಲಿಲ್ಲ, ಸಿಗರೇಟು ಸೇದಲಿಲ್ಲ, ಬಸ್ಸು ಹತ್ತಲಿಲ್ಲ. ನಲವತ್ತೈದು ತುಂಬಿದ ದಿನ ಕಚೇರಿಯಲ್ಲಿ ರಾಜೀನಾಮೆ ಕೊಟ್ಟು, ನೇರವಾಗಿ ತಂಗಿಯ ಮನೆಗೆ ಬಂದು, ಮೇಜಿನ ಮೇಲೆ ಒಂದು ಕಾಗದ ಬಿಡಿಸಿದ.

“ಒಂಟಿ ಗಂಡಸಿಗೆ ಯಾರ ಹಂಗೂ ಇಲ್ಲದೆ ಬದುಕೋಕೆ ಎಷ್ಟು ಬೇಕು, ಹೇಳು ನೋಡೋಣ?”

ಕಾಗದದಲ್ಲಿ ಎಲ್ಲವೂ ಇತ್ತು. ವರ್ಷಕ್ಕೆ ಎರಡು ಶರ್ಟು, ಎರಡು ವರ್ಷಕ್ಕೊಂದು ಜೊತೆ ಚಪ್ಪಲಿ, ಹತ್ತು ವರ್ಷಕ್ಕೊಂದು ಕನ್ನಡಕ. ಬೆಲೆ ಏರುವುದಕ್ಕೆ ಒಂದು ಪಾಲು, ಕಾಯಿಲೆಗೆ ಒಂದು ಪಾಲು. ಒಟ್ಟು ಮುನ್ನೂರ ಇಪ್ಪತ್ತನಾಲ್ಕು ತಿಂಗಳು. ಅಂದರೆ ಎಪ್ಪತ್ತೆರಡರವರೆಗೆ.

“ಆಮೇಲೆ?”

“ಅಪ್ಪ ಅರವತ್ತೈದಕ್ಕೆ ಹೋದ. ತಾತ ಅರವತ್ತೆಂಟಕ್ಕೆ. ನನಗೆ ನಾನೇ ನಾಲ್ಕು ವರ್ಷ ಬೋನಸ್ ಕೊಟ್ಕೊಂಡಿದ್ದೀನಿ.”

ತಂಗಿಗೆ ನಗು ಬರಲಿಲ್ಲ. ಗಂಡ ತೀರಿಕೊಂಡು ಆಗಿನ್ನೂ ಐದು ತಿಂಗಳಾಗಿತ್ತು. ಹಿಂದಿನ ಕೋಣೆಗೆ ಬಣ್ಣ ಹೊಡೆಸಿ, ಮಂಚ ಹಾಕಿಸಿ, ಇಲ್ಲೇ ಬಂದು ಇರು ಎಂದು ಎರಡು ಸಲ ಅಣ್ಣನನ್ನು ಕರೆದಿದ್ದಳು. ಕಾಗದದಲ್ಲಿ ಆ ಕೋಣೆ ಇರಲಿಲ್ಲ, ಅವಳೂ ಇರಲಿಲ್ಲ. ಕನ್ನಡಕ ಇತ್ತು.

“ಸರಿ,” ಎಂದಳು ಸೊಂಟದ ಮೇಲೆ ಕೈಯಿಟ್ಟುಕೊಂಡು. “ಎಪ್ಪತ್ತಮೂರಕ್ಕೆ ನನ್ನ ಮನೆ ಬಾಗಿಲು ತಟ್ಟಬೇಡ. ನಾನು ತೆಗೆಯಲ್ಲ.”

ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ತಿಂಗಳ ಮೊದಲ ಭಾನುವಾರ ಅವಳು ಅವನ ಬಾಡಿಗೆ ಕೋಣೆಗೆ ಬರುತ್ತಿದ್ದಳು. ಅವನು ಟೀ ಮಾಡುತ್ತಿದ್ದ, ಪೇಪರು ಓದಿ ಹೇಳುತ್ತಿದ್ದ. ಹಗಲು ಹನ್ನೊಂದಕ್ಕೆ ಚಾಪೆಯ ಮೇಲೆ ಕಾಲು ಚಾಚಿ ಮಲಗುವ ಸುಖವನ್ನು ವರ್ಣಿಸುತ್ತಿದ್ದ. ಎಪ್ಪತ್ತೆರಡು ದಾಟಿದಾಗ ಅವಳೇ ತಮಾಷೆ ಮಾಡಿದ್ದಳು: “ಏನೋ, ಲೆಕ್ಕ ತಪ್ಪಿತಲ್ಲ?” ಅವನು ನಕ್ಕು, “ಅಲ್ಲಿ ಇಲ್ಲಿ ಸ್ವಲ್ಪ ಉಳಿಸಿದ್ದೆ ಬಿಡು,” ಎಂದಿದ್ದ. ಅವಳು ನಂಬಿದ್ದಳು. ನಂಬುವುದು ಸುಲಭವಾಗಿತ್ತು.

*

ಶವವಾಹನ ನಾಲ್ಕು ಗಂಟೆಗೆ ಬರುವುದಿತ್ತು. ಗಂಡಸರು ಕೆಳಗಿಳಿದರು. ನೀಲಿ ಕೋಟಿನ ಹೆಂಗಸೊಬ್ಬಳು, ಐವತ್ತರ ಆಸುಪಾಸಿನವಳು, ಉಳಿದುಕೊಂಡು ಹೇಳದೆಯೇ ಮೂಲೆಯ ಲೋಟಗಳನ್ನು ತೊಳೆಯತೊಡಗಿದಳು.

“ಒಂದು ಕೇಳ್ತೀನಿ, ಮುಚ್ಚಿಡಬಾರದು,” ಎಂದಳು ತಂಗಿ. “ನಮ್ಮಣ್ಣ ಹಸ್ಕೊಂಡಿದ್ನಾ?”

ಹೆಂಗಸು ನಲ್ಲಿ ನಿಲ್ಲಿಸಿದಳು. “ದುಡ್ಡು ಮುಗಿದ ಮೊದಲ ಎರಡು ತಿಂಗಳು. ಸುಳ್ಳು ಹೇಳಲ್ಲ. ಕೆಲಸ ಕೇಳೋಕೆ ಬಂದ ದಿನ ನಿಂತಲ್ಲೇ ಕುಸಿದುಬಿಟ್ರು. ಟೀ ಕೊಟ್ರೆ, ಇದಕ್ಕೆಷ್ಟು ಅಂತ ಕೇಳಿದ್ರು.”

“ಆ ಎರಡು ತಿಂಗಳೂ ನಾನು ಬಂದಿದ್ದೆ,” ಎಂದಳು ತಂಗಿ. “ಬಿಸ್ಕತ್ತು ತಟ್ಟೆ ನನ್ನ ಮುಂದಿಟ್ಟ. ನೀನು ತಗೋ ಅಂದ್ರೆ, ಈಗ ತಾನೇ ಊಟ ಆಯ್ತು ಅಂದ. ನಾನು ಎಲ್ಲಾ ತಿಂದೆ. ನಾನು ಆಡಿದ ಒಂದು ಮಾತಿಗೆ…”

“ಎಪ್ಪತ್ತಮೂರಕ್ಕೆ ಬಾಗಿಲು ತಟ್ಟಬೇಡ. ಅದಾ?”

ತಂಗಿ ಅವಳತ್ತ ತಿರುಗಿದಳು.

“ಲಾಂಡ್ರಿಯಲ್ಲಿ ಎಲ್ಲರಿಗೂ ಬಾಯಿಪಾಠ ಅದು. ಊಟದ ಹೊತ್ತಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಮ್ಮ ಥರಾನೇ ಆಡಿ ತೋರಿಸ್ತಿದ್ರು. ಹೋಗಿ ಕೇಳಬಾರದಾ ಅಂತ ನಾನೇ ಅಂದೆ. ‘ಅಯ್ಯೋ, ಅವಳದು ಬಾಯಿ ಮಾತ್ರ ಜೋರು. ನನ್ನ ಹತ್ರ ಕಾಸಿಲ್ಲ ಅಂತ ಗೊತ್ತಾದ್ರೆ ಬಾಗಿಲೇನು, ಗೋಡೆ ಒಡೆದು ಎಳ್ಕೊಂಡು ಹೋಗ್ತಾಳೆ. ಅದಕ್ಕೇ ಹೇಳಿಲ್ಲ’ ಅಂದ್ರು.”

ತಂಗಿಗೆ ನಗು ಬಂತು, ಅದರ ಬೆನ್ನಿಗೇ ಅಳು. ಬೆಳಗಿನಿಂದ ತಡೆದಿದ್ದೆಲ್ಲ ಒಮ್ಮೆಲೇ ಹರಿಯಿತು. “ಪೆದ್ದ,” ಎಂದಳು. “ಎಂಥ ಪೆದ್ದ ನೀನು!” ಮಂಚದ ಕಡೆ ತಿರುಗಿ ನಿಜವಾಗಿಯೂ ಬೈದಳು.

“ಆಮೇಲೆ ಚೆನ್ನಾಗಿದ್ರಮ್ಮ. ಮೇಸ್ತ್ರಿಗೇ ಜೋರು ಮಾಡೋರು. ಹೊಸ ಲೆಕ್ಕ ಹಾಕಿದ್ರು. ಈ ಸಲ ತೊಂಬತ್ತೈದರವರೆಗೆ.”

*

ಎಲ್ಲ ಮುಗಿದು ಕೋಣೆಗೆ ಮರಳಿದಾಗ ಬಿಸಿಲು ಇಳಿದಿತ್ತು. ದರ್ಜಿ ಅಂಗಡಿ ತೆರೆಯದೆ ಕೆಳಗೇ ಕೂತಿದ್ದ. ತಂಗಿಯ ಜೊತೆ ಮೇಲಕ್ಕೆ ಬಂದವಳು ನೀಲಿ ಕೋಟಿನ ಹೆಂಗಸೊಬ್ಬಳೇ.

ಮಂಚದ ಮೇಲಿನ ಬೆಡ್‌ಶೀಟನ್ನು ತಂಗಿ ಎಳೆದು ಮಡಚಲು ನೋಡಿದಳು. ಒಂದು ತುದಿ ಎದೆಗಾನಿಸಿದರೆ ಇನ್ನೊಂದು ತುದಿ ನೆಲಕ್ಕೆ ಜಾರಿತು. ಹೆಂಗಸು ಬಗ್ಗಿ ಆ ತುದಿಯ ಎರಡು ಮೂಲೆಗಳನ್ನು ಹಿಡಿದುಕೊಂಡಳು.

“ನಮ್ಮ ಕೆಲಸ ಇದೇ ಆಗಿತ್ತು. ಆಸ್ಪತ್ರೆ ಶೀಟುಗಳು, ದಿನಕ್ಕೆ ನಾನೂರು. ನಾನೊಂದು ಕಡೆ, ಅವರೊಂದು ಕಡೆ. ಹಿಂದೆ ಸರೀರಿ ಅಮ್ಮ, ಬಿಗಿಯಾಗಬೇಕು.”

ತಂಗಿ ಹಿಂದೆ ಸರಿದಳು. ಬಟ್ಟೆ ಇನ್ನೂ ಜೋಲುತ್ತಿತ್ತು. ಮತ್ತೆ ಸರಿದಳು. ಒಂಟಿ ಗಂಡಸಿಗೆಂದು ಹಿಡಿದ ಕೋಣೆಯ ಉದ್ದ ಅಲ್ಲಿಗೆ ಮುಗಿದಿತ್ತು. ಹೊಸ್ತಿಲು ದಾಟಿ ಮೆಟ್ಟಿಲ ತುದಿಯಲ್ಲಿ ನಿಂತಾಗ ಶೀಟು ಬಿಗಿಯಾಯಿತು.

“ಹಾಂ, ಈಗ ಜಗ್ಗಿ,” ಎಂದಳು ಒಳಗಿನವಳು. “ಹಾಗೇ ಮೂಲೆ ಬಿಡದೆ ಒಳಗೆ ಬನ್ನಿ.”

ಎರಡು ಮೂಲೆಗಳನ್ನೂ ಗಟ್ಟಿಯಾಗಿ ಹಿಡಿದುಕೊಂಡು ತಂಗಿ ಬಾಗಿಲೊಳಗೆ ನಡೆದು ಬಂದಳು.